ನನ್ನ ಎಡಗಡೆ ಕೆಟ್ಟಿರಲಿಲ್ಲ

ನಾನು ಒಂದು ಹೆಡ್‌ಫೋನ್. ಬಸ್ಸಿನಲ್ಲಿ ಹುಡುಗರು ಕಿವಿಯೊಳಗೆ ತುರುಕಿಕೊಳ್ಳುವ ಪುಟಾಣಿ ಜಾತಿಯಲ್ಲ. ಕಿವಿಯನ್ನು ಇಡಿಯಾಗಿ ಮುಚ್ಚುವ, ಸುರುಳಿ ವೈರಿನ, ತೂಕದ ಜಾತಿ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ನನ್ನ ಎರಡು ಬಟ್ಟಲುಗಳ ಮೇಲೆ ಎಡ, ಬಲದ ಗುರುತು ಒತ್ತಿ, ಒಂದೊಂದರಲ್ಲೂ ‘ಪೀ’ ಎನಿಸಿ, ಪಾಸು ಮಾಡಿ ಡಬ್ಬಿಗೆ ಹಾಕಿದರು. ಆ ಮೊದಲ ‘ಪೀ’ಗೇ ನಾನು ಬೆಚ್ಚಿಬಿದ್ದಿದ್ದೆ. ಬೆಚ್ಚಿಬೀಳುವುದು ನನ್ನ ಹುಟ್ಟುಗುಣ, ಏನು ಮಾಡಲಿ?

ಡಬ್ಬಿ ತೆರೆದದ್ದು ಧಾರವಾಡ ಸೀಮೆಯ ಒಂದು ವಿಶ್ವವಿದ್ಯಾಲಯದ ಸ್ಟುಡಿಯೋದಲ್ಲಿ. ತೆರೆದವರು ಅಲ್ಲಿನ ಟೆಕ್ನಿಷಿಯನ್ ಕಸ್ತೂರಿ ಬಡಿಗೇರ. ಕಿವಿಯ ಬೆಂಡೋಲೆ ಬಿಚ್ಚಿ ಮಿಕ್ಸರಿನ ಪಕ್ಕ ಇಟ್ಟು ಅವರು ನನ್ನನ್ನು ತಲೆಗೇರಿಸಿಕೊಂಡರು. ಅಬ್ಬಬ್ಬಾ, ಏನೆಲ್ಲ ಕೇಳಬೇಕಾಯಿತು! ಗಾಜಿನಾಚೆ ಮೈಕಿನೆದುರು ಪಾಠ ಹೇಳುತ್ತಿದ್ದ ಪ್ರೊಫೆಸರರ ಹೊಟ್ಟೆ ಗುರ್ರೆಂದದ್ದೂ ನನಗೆ ಗುಡುಗಿನಂತೆ ಕೇಳಿಸಿತು. ಕಸ್ತೂರಿ ನಗಲಿಲ್ಲ. “ಸರ, ಒಂದೀಟು ಚಾ ಕುಡದು ಬರ್ರಿ, ಆಮ್ಯಾಲೆ ಹಿಡಿಯೋಣು” ಎಂದರು. ಅಂದೇ ಅವರು ನನಗೆ ಹಿಡಿಸಿಬಿಟ್ಟರು.

ವರ್ಷಗಟ್ಟಲೆ ಆ ಕಿವಿಗಳ ಮೇಲೆ ಕೂತೆ. ಡೊಳ್ಳಿನವರು ಬಂದರು, ಸೋಬಾನದ ಹಾಡಿನವರು ಬಂದರು. “ಈ ಗಾಜಿನ ಖೋಲಿ ಬಿಟ್ರ ನನಗ ಊಟಾ ಸೇರೂದಿಲ್ಲ ನೋಡ್ರಿ” ಎಂದು ಕಸ್ತೂರಿ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಬರಿಯ ಮಾತಾಗಿರಲಿಲ್ಲ.

ಹೀಗಿರುವಾಗ ಇಬ್ಬರು ಅಣ್ಣತಮ್ಮಂದಿರ ತತ್ವಪದ ರೆಕಾರ್ಡಿಗೆ ಹಿಡಿದೆವು. ಅಣ್ಣನ ದನಿ ಎಡಕ್ಕೆ, ತಮ್ಮನದು ಬಲಕ್ಕೆ. ಎಡಗಡೆ ಯಾಕೋ ಸಪ್ಪಗಿದೆಯೆಂದು ಕಸ್ತೂರಿ ಅದನ್ನು ಏರಿಸುತ್ತಲೇ ಹೋದರು. ಆಮೇಲೆ ಎಲ್ಲರೆದುರು ಸ್ಪೀಕರಿನಲ್ಲಿ ಹಾಕಿದರೆ, ಅಯ್ಯಯ್ಯೋ! ಅಣ್ಣನ ದನಿ ಸೂರು ಹಾರಿಸುವಂತಿತ್ತು, ತಮ್ಮನದು ಬಾವಿಯೊಳಗಿಂದ ಬಂದಂತಿತ್ತು. ಆ ತಮ್ಮ ಕಣ್ಣು ಕಣ್ಣು ಬಿಟ್ಟು, “ಯಾಕ್ರೀ ಅಕ್ಕಾರ, ನಾ ಬರೇ ಬಾಯಿ ಆಡಿಸಿದ್ನೇನು?” ಎಂದ.

ವಿಭಾಗದ ಮುಖ್ಯಸ್ಥರಾದ ಯಲಿಗಾರ ಸರ್ ಕೆಂಡಾಮಂಡಲವಾದರು. “ಏನ್ರೀ ಇದು ಬಡಿಗೇರವ್ರ? ಕಿವಿ ಕೇಳದವ್ರಿಗೆ ಇಲ್ಲೇನು ಕೆಲಸ? ಪರೀಕ್ಷಾ ವಿಭಾಗಕ್ಕ ಕಳಿಸ್ತೀನಿ, ಉತ್ತರಪತ್ರಿಕಿ ಕಟ್ಟ ಕಟಕೋಂತ ಕೂಡ್ರಿ!”

“ಹೆಡ್‌ಫೋನ್ ಕೆಟ್ಟೈತ್ರಿ ಸರ. ಎಡಗಡೆ ದನಿ ಬರವಲ್ದು” ಎಂದರು ಕಸ್ತೂರಿ.

ನಾನು ದಂಗಾದೆ. ನಾನೇ? ಕೆಟ್ಟಿದ್ದೇನೆಯೇ? ಎರಡೂ ಕಡೆ ಗಂಟಲು ಹರಿಯುವಂತೆ ಹಾಡಿದ್ದೇನಲ್ಲ!

ರಿಪೇರಿಯ ಮೌಲಾಸಾಬರ ಅಂಗಡಿಗೆ ನನ್ನನ್ನು ಒಯ್ದರು. ಅವರು ನನ್ನ ಹೊಟ್ಟೆ ಬಗೆದು, ವೈರು ಜಗ್ಗಿ ನೋಡಿ, “ಇದಕ್ಕೇನೂ ಆಗಿಲ್ರೀ ಅಕ್ಕಾರ, ಗಟ್ಟಿಮುಟ್ಟ ಐತಿ” ಎಂದರು. ಕಸ್ತೂರಿ ನಂಬಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪರೀಕ್ಷೆ ಇದೆ. ಹೆಡ್‌ಫೋನು ಒಂದು ಬದಿಗೆ ಮಂಕಾದರೆ ತಿರುವಿ ಹಾಕಿಕೊಂಡು ನೋಡುವುದು. ಮಂಕು ಇನ್ನೊಂದು ಕಿವಿಗೆ ಹೋದರೆ ತಪ್ಪು ನನ್ನದು. ಸ್ಟುಡಿಯೋಗೆ ಮರಳಿದ ಕಸ್ತೂರಿ ನನ್ನನ್ನು ತಿರುವಿ ಹಾಕಿಕೊಂಡರು. ಮಂಕು ಅವರ ಎಡಗಿವಿ ಬಿಟ್ಟು ಕದಲಲಿಲ್ಲ. ಮತ್ತೆ ತಿರುವಿದರು, ಮತ್ತೆ ತಿರುವಿದರು. “ಅಯ್ಯ ಶಿವನೇ, ನನ್ನ ಕಿವಿ!” ಎಂದು ಅಲ್ಲೇ ಕುಸಿದು ಕೂತರು. ನನಗೆ ಗರ ಬಡಿದಂತಾಯಿತು. ಇಷ್ಟು ವರ್ಷ ಆ ಕಿವಿಯ ಮೇಲೇ ಕೂತಿದ್ದೆ. ಅದು ಆರಿಹೋಗುತ್ತಿದ್ದದ್ದು ನನಗೇ ತಿಳಿದಿರಲಿಲ್ಲವಲ್ಲ! ಆ ಕಿವಿಯ ನರ ಇನ್ನು ಚಿಗುರುವುದಿಲ್ಲವೆಂದು ಡಾಕ್ಟರೂ ಹೇಳಿದರಂತೆ.

ಆದರೂ ಯಲಿಗಾರ ಸರ್ ಸ್ಟುಡಿಯೋಗೆ ಬಂದಾಗ ಕಸ್ತೂರಿ ಹೊಸ ಹೆಡ್‌ಫೋನು ಕೇಳಿದರು. ತಪ್ಪು ನನ್ನ ತಲೆಗೇ ಕಟ್ಟಿದರು. ಇಷ್ಟು ದಿನ ಹೊತ್ತು ಮೆರೆಸಿದವರೇ ಹೀಗೆ ಮಾಡಬಹುದೆ? ನನಗೆ ಹೊಟ್ಟೆ ಉರಿಯಿತು.

“ಕೊಡ್ರಿ ಇಲ್ಲೆ, ನಾನೂ ನೋಡ್ತೀನಿ” ಎನ್ನುತ್ತ ಯಲಿಗಾರ ಸರ್ ನನ್ನನ್ನು ಕಸಿದುಕೊಂಡರು. ಸಿಕ್ಕಿತಪ್ಪಾ ನ್ಯಾಯ ಎಂದು ಎರಡೂ ಬದಿಗೆ ಖಣಖಣ ನುಡಿದೆ. ಆಗ ಕಸ್ತೂರಿಯ ಮುಖ ಕಂಡಿತು. ರಕ್ತವೆಲ್ಲ ಇಳಿದುಹೋದ ಮುಖ. ಅಯ್ಯೋ, ನಾನೇನು ಮಾಡಿಬಿಟ್ಟೆ! ನಿಲ್ಲಿಸೋಣವೆಂದರೆ ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ.

ಯಲಿಗಾರರು ಪೂರ್ತಿ ಕೇಳಿದರು. ನನ್ನನ್ನು ತಿರುವಿ ಹಾಕಿಕೊಂಡು ಮತ್ತೊಮ್ಮೆ ಕೇಳಿದರು. ಕಸ್ತೂರಿಯ ಕಡೆ ನೋಡಿದರು. ನನ್ನನ್ನು ಮೆಲ್ಲಗೆ ಕಳಚಿ ಮೇಜಿನ ಮೇಲಿಟ್ಟರು.

“ಖರೇ ಐತಿ. ಎಡಗಡೆ ಪೂರ್ತಿ ಹೋಗೇತಿ. ಹೊಸಾದು ತರಸೋಣು.”

ನಾನು ಹೌಹಾರಿದೆ. ಇಂಥ ಹಸಿ ಸುಳ್ಳು! ಅದೂ ಈ ಮನುಷ್ಯನ ಬಾಯಲ್ಲಿ!

“ಸರ, ಅದು...” ಎಂದು ಕಸ್ತೂರಿ ತಡವರಿಸಿದರು.

“ನಾ ಕೇಳೇನಲ್ರಿ? ಹೋಗೇತಿ ಅಂದ್ರ ಹೋಗೇತಿ.” ಅವರು ಒಂದು ಕುರ್ಚಿ ಎಳೆದುಕೊಂಡರು. “ಇನ್ನ ಮ್ಯಾಲೆ ರೆಕಾರ್ಡಿಂಗಿಗೆ ನಾನೂ ಬಂದು ಕೂಡ್ತೀನಿ. ನಿಮ್ಮ ಎಡಕ್ಕ.”

ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಈಗ ನಾನು ಅದೇ ಕೋಣೆಯ ಕಪಾಟಿನಲ್ಲಿದ್ದೇನೆ, ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿಕೊಂಡು. “ಎಡಕ್ಕ ಒಂದೀಟು ಇಳಿಸ್ರಿ ಬಡಿಗೇರವ್ರ” ಎಂಬ ದನಿ ಹೊರಗಿನಿಂದ ಬರುತ್ತಿರುತ್ತದೆ. ಮೊದಮೊದಲು ಯಾರಾದರೂ ನನ್ನನ್ನು ಹಾಕಿಕೊಂಡು ನೋಡಲಿ, ನನ್ನ ಮಾನ ಉಳಿಯಲಿ ಎಂದು ಹಂಬಲಿಸುತ್ತಿದ್ದೆ. ಈಗ ಕಪಾಟಿನ ಬಾಗಿಲು ಕಿರ್ರೆಂದರೆ ಸಾಕು, ಯಾರಾದರೂ ಹಾಕಿಕೊಂಡು ನೋಡಿಬಿಟ್ಟಾರೆಂದು ನನ್ನ ಎದೆ ಧಸಕ್ಕೆನ್ನುತ್ತದೆ.