ಶರಣನಂತೆ ಬಾಗಿದ ಗಿಡ

ಶ್ರಾವಣದ ಆ ಸೋಮವಾರ ಬೆಳಗ್ಗೆ ಮಳೆ ನಿಂತಿತ್ತು, ಗಾಳಿಯೂ ನಿಂತಿತ್ತು. ಹಾನಗಲ್ಲಿನ ಮೇಲೆ ಮೋಡ ಒದ್ದೆ ಕಂಬಳಿಯಂತೆ ಕವುಚಿಕೊಂಡಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಹಿತ್ತಲಿನ ಸೈಪ್ರೆಸ್ ಗಿಡ ನಿನ್ನೆಗಿಂತ ಹೆಚ್ಚು ವಾಲಿದ್ದನ್ನು ತನುಜಾ ಕಂಡಳು.

ರೆಂಬೆಗಳೆಲ್ಲ ನೆಲಕ್ಕೆ ಇಳಿಬೀಳುವ ಆ ಚಂದದ ಗಿಡವನ್ನು ಶಿಗ್ಗಾಂವದ ನರ್ಸರಿಯಿಂದ ತಂದವಳು ಅವಳೇ. ಹಿತ್ತಲಿನ ಆ ಮೂಲೆ ಬೇಸಿಗೆಯಲ್ಲೂ ಹಸಿ; ದಾಸವಾಳ, ಮಲ್ಲಿಗೆ ಎಲ್ಲ ಅಲ್ಲಿ ಬೇರು ಕೊಳೆತು ಸತ್ತಿದ್ದವು. ಇದೊಂದು ಬದುಕಿತು. ಅತ್ತೆ ಮಹಾದೇವಕ್ಕನಿಗೆ ಅದು ಗಿಡವಾಗಿ ಕಾಣಲಿಲ್ಲ, ತಲೆಬಾಗಿ ನಿಂತ ಶರಣನಾಗಿ ಕಂಡಿತು. ಕಾಂಡಕ್ಕೆ ವಿಭೂತಿ ಬಳಿದಳು. ದಿನಾ ಅದರ ಬುಡದಲ್ಲೇ ಕುಳಿತು ಲಿಂಗಪೂಜೆ ಮಾಡಿ ಒಂದು ಕೊಡ ನೀರು ಎರೆದಳು. ಓಣಿಯ ಹೆಂಗಸರೂ ಎರೆದರು. ಮೊದಲು ಮಡುಗಟ್ಟಿ ನಿಲ್ಲುತ್ತಿದ್ದ ನೀರು ಈಚೆಗೆ ಗುಟುಕ್ಕೆಂದು ಒಳಗಿಳಿಯತೊಡಗಿತ್ತು.

"ನೋಡ, ಹೆಂಗ ಕುಡೀತೈತಿ! ನಿನಗಿಂತ ಇದಕ್ಕ ಭಕ್ತಿ ಜಾಸ್ತಿ," ಎಂದು ಸೊಸೆಯನ್ನು ಚುಚ್ಚುತ್ತಿದ್ದಳು.

ಈ ಜಾಗವನ್ನು ಅವರಿಗೆ ಮಾರಿದ್ದ ಶಂಕ್ರಪ್ಪ ಪಕ್ಕದ ಮನೆಯವನೇ. ತನುಜಾ ಗೋಡೆಯಾಚೆಗೆ ಕೂಗಿದಳು.

"ಕಾಕಾ, ಗಿಡಾ ವಾಲಾಕತ್ತೈತ್ರಿ. ನಮಗ ಕೊಡೂಕಿಂತ ಮೊದ್ಲ ಇಲ್ಲಿ ಏನಿತ್ರಿ?"

"ಏನಿರ್ತೈತವಾ, ಮಣ್ಣು! ಬಂಗಾರ ಇದ್ದಿದ್ರ ನಾ ಮಾರತಿದ್ನೇನು?"

ನಗುತ್ತಲೇ ಇಣುಕಿದ ಅವನ ಕಣ್ಣು ಗಿಡದ ಕೆಳಗೆ ಕಣ್ಮುಚ್ಚಿ ಕುಳಿತಿದ್ದ ಮಹಾದೇವಕ್ಕನ ಮೇಲೆ ನಿಂತಿತು. ನಗು ಆರಿತು.

"ಆಕಿನ್ನ ಎಬ್ಬಸು."

"ಪೂಜಿ ನಡುವ ಎಬ್ಬಸಿದ್ರ ನನ್ನ ಬಿಡ್ತಾರೇನ್ರಿ?"

"ಎಬ್ಬಸ ತಂಗಿ! ಕೆಳಗ ಹಗೇವ ಐತಿ!"

ಹಗೇವು: ಹಿರಿಯರು ಜೋಳ ತುಂಬಿಡುತ್ತಿದ್ದ, ಆಳೆತ್ತರಕ್ಕೂ ಮೀರಿದ ನೆಲಗುಂಡಿ. ತನುಜಾ ಓಡಿ ಅತ್ತೆಯ ತೋಳು ಹಿಡಿದೆಳೆದಳು.

"ಅತ್ತಿ, ಏಳ್ರಿ!"

"ಕೈಯಾಗ ಲಿಂಗ ಐತಿ, ಹುಚ್ಚಿ, ಬಿಡ!"

ಬಿಡಲಿಲ್ಲ. ಕೆಸರಿನಲ್ಲಿ ದರದರ ಎಳೆದು ಕಟ್ಟೆಗೆ ತಂದಳು. ಹಿಂದೆ ಹಲಗೆ ಮುರಿದ ಸದ್ದು. ಗಿಡ ಬೀಳಲಿಲ್ಲ, ನಿಂತಂತೆಯೇ, ನೀರಿಗಿಳಿದಂತೆ, ನಿಧಾನವಾಗಿ ನೆಲದೊಳಗೆ ಹೋಯಿತು. ತೆರೆದ ಬಾಯಿಂದ ಕೊಳೆತ ಜೋಳದ ಹಳೆಯ ನಾತ ಎದ್ದಿತು. ಮಹಾದೇವಕ್ಕನ ಎಡ ಅಂಗೈಯಲ್ಲಿ ಲಿಂಗ ಹಾಗೇ ಇತ್ತು. ಅವಳು ಸೊಸೆಯ ಕೈ ಬಿಡಲಿಲ್ಲ.

ಮಧ್ಯಾಹ್ನ ಶಂಕ್ರಪ್ಪ ಕೈಗಾಡಿ ತಳ್ಳಿಕೊಂಡು ಬಂದ. ಅದರಲ್ಲಿ ಹಗೇವಿನ ಬಾಯಿ ಮುಚ್ಚುವ ಅಗಲವಾದ ಕಲ್ಲು. ಜಾಗ ಮಾರುವಾಗ ಅದನ್ನು ಕಿತ್ತು ತನ್ನ ಬಚ್ಚಲಿಗೆ ಹಾಸಿಕೊಂಡು, ಗುಂಡಿಯ ಮೇಲೆ ಹಲಗೆ ಇಟ್ಟು ಮಣ್ಣೆಳೆದಿದ್ದ. ಕಲ್ಲಿಗೆ ಇನ್ನೂ ಸೋಪಿನ ನೊರೆ ಅಂಟಿತ್ತು.

ಯಾರ ಮುಖವನ್ನೂ ನೋಡದೆ ಅದನ್ನು ಇಳಿಸಿ, ಗುಂಡಿಯ ಅಂಚಿಗೆ ಸರಿಸಿದ.

"ಇದು ಇಲ್ಲೀದರಿ, ಅಕ್ಕಾರ."