ಬುಟ್ಟಿಗೆ ಬಳಿದ ಕೆಂಪು

ಗದ್ದೆಗೆ ಎಡೆ ಹೊತ್ತೊಯ್ಯುವ ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣನ್ನೇ ಬಳಿಯಬೇಕು. ಇಕ್ಕೇರಿ ಸುತ್ತಿನ ಹೆಂಗಸರಿಗೆ ಅದನ್ನು ಹೇಳಿಕೊಟ್ಟವಳೇ ಶ್ಯಾಮಲಾ. ಈ ಸಲ ಮಂಡಿನೋವೆಂದು ಮಣ್ಣು ತರಲು ಹೋಗದೆ, ಚಾಪೆಗೆ ಬಣ್ಣ ಹಾಕಿ ಉಳಿದಿದ್ದ ಕೆಂಪು ಪುಡಿಯನ್ನು ಕಲಸಿ ಪಕ್ಕದ ಮನೆ ಜಯಪ್ಪನ ಬುಟ್ಟಿಗೆ ಬಳಿದುಬಿಟ್ಟಳು. ಮೇಲೆ ಅಕ್ಕಿಹಿಟ್ಟಿನ ಚಿತ್ತಾರ ಬರೆದಾಗ ಅದು ಎಂದಿಗಿಂತ ಚೆನ್ನಾಗಿಯೇ ಕಂಡಿತು.

ಬುಟ್ಟಿ ಕೊಟ್ಟ ಮರುದಿನ, ಸಾಗರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಮಗಳು ಭವ್ಯಾ ತಾಯಿಯ ಕೆಂಪು ಉಗುರುಗಳನ್ನು ನೋಡಿ ಬುಟ್ಟಿಯ ಸಂಗತಿ ಕೇಳಿ ತಿಳಿದಳು.

“ಅಮ್ಮಾ, ಈ ಬಣ್ಣ ಹೊಟ್ಟೆಗೆ ಹೋಗ್ಬಾರ್ದು. ರಕ್ತದಲ್ಲಿ ಅಲ್ಬುಮಿನ್ ಅಂತ ಪ್ರೋಟೀನ್ ಇರ್ತದೆ. ಸಿಕ್ಕಿದ್ದನ್ನೆಲ್ಲ ಹೊತ್ಕಂಡು ಮೈಯೆಲ್ಲ ತಿರುಗೋದು ಅದೇ. ಇಂಥ ಬಣ್ಣಾನೂ ಅದಕ್ಕೇ ಅಂಟ್ಕಳ್ತದೆ. ಕೆಲವು ಬಣ್ಣ ಅದರ ಆಕಾರಾನೇ ಕೆಡಿಸ್ತವೆ.”

“ಒಂಚೂರು ಹೋದ್ರೆ?”

“ನಂಗೊತ್ತಿಲ್ಲ. ಅವರ ಮನೆ ಸೊಸೆ ವಿನಯಕ್ಕ ಬೇರೆ ಬಸುರಿ. ಈಗ್ಲೇ ಹೋಗಿ ಹೇಳು.”

ಶ್ಯಾಮಲಾ ಹೋದಳು. ಜಯಪ್ಪನ ಜಗಲಿಯಲ್ಲಿ ನಾಲ್ಕು ಜನ ಬುಟ್ಟಿ ನೋಡುತ್ತಿದ್ದರು. “ಕೈ ಅಂದ್ರೆ ನಿಂದು ಮಾರಾಯ್ತಿ!” ಎಂದರು. “ಒಳಗೆ ಬಾಳೆಎಲೆ ಹಾಸಿ” ಎಂದಷ್ಟೇ ಹೇಳಿ ಬಂದಳು. ಮಗಳು ಕೇಳಿದಾಗ “ಹೇಳಿದೆ” ಅಂದಳು.

ಹಬ್ಬದ ಬೆಳಿಗ್ಗೆ ಇಬ್ಬನಿಗೆ ಬುಟ್ಟಿ ನೆನೆದಿತ್ತು. ಬಸುರಿ ಭೂಮಿಗೆ ಬಯಕೆಯ ಊಟವೆಂದು ನಸುಗತ್ತಲಲ್ಲೇ ಬುಟ್ಟಿಯ ಅನ್ನವನ್ನು ಗದ್ದೆಗೆಲ್ಲ ಚರಗವಾಗಿ ಚೆಲ್ಲಿಯಾಯಿತು. ಉಳಿದದ್ದನ್ನು ಶ್ಯಾಮಲಾ ಸೇರಿ ಎಲ್ಲರೂ ಅಲ್ಲೇ ಕೂತು ಉಣ್ಣಬೇಕು. ಹಾಸಿದ ಎಲೆ ಹರಿದು ಅಡಿಯ ಕಡುಬುಗಳೆಲ್ಲ ಕೆಂಪು ಕೆಂಪು.

“ಭೂಮ್ತಾಯಿಗೆ ಲಿಪ್‌ಸ್ಟಿಕ್ಕೂ ಹಚ್ಚಿದ್ಯೇನೇ ಶ್ಯಾಮಲಾ!” ಜಯಪ್ಪ ನಕ್ಕ.

ಅವನ ಸೊಸೆ ವಿನಯಾ ಆರು ತಿಂಗಳ ಬಸುರಿ. ಕಡುಬು ಮುರಿದು, “ಬೀಟ್ರೂಟ್ ಹಾಕಿದಂಗದೆ” ಎನ್ನುತ್ತ ಬಾಯಿಗೆ ಒಯ್ದಳು.

ಶ್ಯಾಮಲಾ ಅವಳ ಕೈ ಹಿಡಿದಳು. “ತಿನ್ಬೇಡ. ಅದು ಮಣ್ಣಲ್ಲ. ಚಾಪೆ ಬಣ್ಣ.”

“ತಿನ್ಬಾರ್ದು ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ, ಶ್ಯಾಮಲತ್ತೆ?”

“ನಾಲ್ಕು ದಿನ ಆತು. ಹೇಳಕ್ಕೇ ಬಂದಿದ್ದೆ. ನೀವೆಲ್ಲ ಹೊಗಳ್ತಾ ಇದ್ರಿ...”

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ವಿನಯಾ ತುತ್ತನ್ನು ಕೆಳಗಿಟ್ಟು, ಬೆರಳುಗಳನ್ನು ಹುಲ್ಲಿಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಜಯಪ್ಪ ಗದ್ದೆಯ ಕಡೆ ತಿರುಗಿ ಕೇಳಿದ: “ಭೂಮ್ತಾಯಿಗೆ ಉಣ್ಸಿ ಆತಲ್ಲ, ಅದಕ್ಕೆಂತ ಮಾಡೋದು?”

ಶ್ಯಾಮಲಾ ಎದ್ದು ಗದ್ದೆಗಿಳಿದಳು. ಸೀರೆ ಎತ್ತಿಕಟ್ಟಿ, ನೋಯುವ ಮಂಡಿಯೂರಿ, ಭತ್ತದ ಬುಡದಿಂದ ಕೆಂಪಾದ ಅಗುಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.