ದೊಡ್ಡಮ್ಮನ ಬೆನ್ನಿನ ಅಳತೆ

ದೊಡ್ಡಮ್ಮ ಊರಿಗೆಲ್ಲ ಕೋಟು ಹೊಲಿಯುತ್ತಾಳೆ. ಗೂನುಬೆನ್ನಿನವರೂ ಅವಳ ಕೋಟು ಹಾಕಿಕೊಂಡರೆ ನೆಟ್ಟಗೆ ಕಾಣುತ್ತಾರೆ. ಅವಳ ಸ್ವಂತ ಕೋಟುಗಳಿಗೆ ಮಾತ್ರ ಎರಡು ಹೆಗಲುಗಳ ನಡುವೆ ಒಂದು ಉಬ್ಬು. ಅಜ್ಜಿಯ ಕತೆ ಕೇಳಿಕೊಂಡೇ ಬೆಳೆದ ನನಗೆ, ಅಲ್ಲಿ ಮಡಚಿಟ್ಟ ರೆಕ್ಕೆಗಳಿರಬಹುದೆಂಬ ಗುಮಾನಿ. ದೊಡ್ಡವಳಾದ ಮೇಲೂ ಅದು ಪೂರ್ತಿ ಹೋಗಿರಲಿಲ್ಲ.

ಮುಂದಿನ ವಾರ ಅವಳು ನಾಟಕಮಂದಿರಕ್ಕೆ ಹೋಗಬೇಕಿತ್ತು. ಈ ವರ್ಷದ ಉಡುಪುಗಳನ್ನೆಲ್ಲ ಯಾರು ಹೊಲಿಯಬೇಕೆಂದು ಅಲ್ಲಿ ತೀರ್ಮಾನವಾಗುತ್ತದೆ. ಬರುವವರು ತಾವೇ ಹೊಲಿದದ್ದನ್ನು ಹಾಕಿಕೊಂಡು ಬರಬೇಕು. ಮೇಜಿನ ಮೇಲೆ ಬೂದುಬಣ್ಣದ ಉಣ್ಣೆಬಟ್ಟೆ ಹರಡಿತ್ತು, ಒಂದೇ ಕೋಟಿಗಾಗುವಷ್ಟು. ದೊಡ್ಡಮ್ಮ ಅದರ ಮೇಲೆ ತನ್ನ ಹಳೆಯ ಕೋಟನ್ನು ಕವುಚಿ ಹಾಕಿ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದಳು.

"ದೊಡ್ಡಮ್ಮ, ಈ ಹಳೇದಕ್ಕೆ ಅಳತೆ ಎಲ್ಲಿಂದ ತಗೊಂಡೆ?"

"ಅದಕ್ಕಿಂತ ಹಳೇದ್ರಿಂದ."

"ಅದಕ್ಕೆ?"

"ಅದರ ಅಜ್ಜಿಯಿಂದ. ಕೋಟಿಗೂ ವಂಶಾವಳಿ ಬೇಕಾ ನಿಂಗೆ?"

"ಅಲ್ಲ, ಮೊಟ್ಟಮೊದಲನೇ ಕೋಟಿಗೆ ನಿನ್ನ ಬೆನ್ನು ಅಳೆದವರು ಯಾರು?"

ಸೀಮೆಸುಣ್ಣ ನಿಂತಿತು. "ಇನ್ಯಾರು, ನಾನೇ."

"ಹೇಗೆ?"

ತೋರಿಸಿದಳು. ಟೇಪಿನ ತುದಿಯನ್ನು ಒಂದು ಹೆಗಲಿಗೆ ಗುಂಡುಸೂಜಿಯಿಂದ ಸಿಕ್ಕಿಸಿ, ಕತ್ತು ತಿರುಗಿಸಿ, ಬಗ್ಗಿ, ಇನ್ನೊಂದು ತುದಿಗೆ ಹಿಂದಿನಿಂದ ಕೈ ಹಾಕಿದಳು. ಬೆನ್ನು ಬೆಕ್ಕಿನ ಬೆನ್ನಿನ ಹಾಗೆ ಮೇಲೆದ್ದಿತು.

"ಅಲ್ಲೇ ಇದೆ ನೋಡು," ಎಂದೆ.

"ಏನು?"

"ನಿನ್ನ ಕೋಟುಗಳ ಗೂನು. ನೀನು ಬಗ್ಗಿರೋವಾಗ ಅಳೆದಿದ್ದು. ಅದೇ ಒಂದ್ರಿಂದ ಒಂದಕ್ಕೆ ಬಂದಿದೆ."

ಅವಳು ಕನ್ನಡಿಯಲ್ಲಿ ತನ್ನನ್ನು ಓರೆಯಾಗಿ ನೋಡಿಕೊಂಡಳು.

"ಕೊಡು, ನಾನು ಅಳೀತೀನಿ."

"ನೀನಾ? ಗಾಳಿಗೋಪುರ ಕಟ್ಟೋಳ ಕೈಗೆ ಟೇಪು ಕೊಟ್ಟರೆ ಮುಗೀತು, ಕೋಟಿಗೆ ಗೋಪುರಾನೇ ಏಳತ್ತೆ. ಇಷ್ಟು ವರ್ಷ ಯಾರ ಮುಂದೇನೂ ಕೈಚಾಚಿದವಳಲ್ಲ ನಾನು."

"ಚಾಚ್ಬೇಡ. ಕೈ ಕೆಳಗೇ ಬಿಟ್ಟಿರು, ಅಳತೆಗೆ ಅಷ್ಟೇ ಸಾಕು."

ಗೊಣಗುತ್ತಲೇ ತಿರುಗಿ ನಿಂತಳು. ಹದಿನಾರೂವರೆ ಇಂಚು ಬಂತು. "ಎಲ್ಲಿ, ತೋರ್ಸು," ಎಂದು ಕತ್ತು ಹೊರಳಿಸಿದಳು; ಟೇಪು ಜಾರಿ ಹದಿನೇಳಾಯಿತು. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ಹೊರಳಿದಳು.

"ನೀನು ನೋಡೋಕೆ ತಿರುಗಿದಾಗೆಲ್ಲ ಬೆನ್ನು ಬೇರೆಯಾಗತ್ತೆ ದೊಡ್ಡಮ್ಮ."

"ಬಟ್ಟೆ ಇರೋದು ಇಷ್ಟೇ. ನೋಡದೆ ಹೇಗೆ ನಂಬೋದು?"

"ನಿನ್ನ ಗಿರಾಕಿಗಳು ಹೇಗೆ ನಂಬ್ತಾರೆ?"

ಅವಳು ಉದ್ದಕ್ಕೆ ಉಸಿರು ಬಿಟ್ಟು ಗೋಡೆಗೆ ಮುಖ ಮಾಡಿದಳು. ತೋಳುಗಳು ಇಳಿದವು, ಆಮೇಲೆ ನಿಧಾನಕ್ಕೆ ಹೆಗಲುಗಳೂ. ಈ ಬೆನ್ನನ್ನು ನಾನು ಇದುವರೆಗೆ ನೋಡಿಯೇ ಇರಲಿಲ್ಲ. ರೆಕ್ಕೆ ಇರಲಿಲ್ಲ. ಬೆಚ್ಚಗಿನ, ಸಪಾಟಾದ ಬೆನ್ನು; ಒಂದು ಕಡೆಗೆ ತುಸು ವಾಲಿತ್ತು. ಎರಡು ಸಲ ಅಳೆದೆ.

"ಹದಿನೈದೂವರೆ. ಎಡಹೆಗಲು ಸ್ವಲ್ಪ ಕೆಳಗಿದೆ."

"ಕೆಳಗಾ? ಯಾವಾಗಿಂದ?"

"ನಂಗೇನು ಗೊತ್ತು, ನೋಡಿದ್ದೇ ಇವತ್ತು."

ದೊಡ್ಡಮ್ಮ ಹಳೆಯ ಗೆರೆಯನ್ನು ಅಂಗೈಯಿಂದ ಒರೆಸಿ, ನಾನು ಹೇಳಿದ ಅಳತೆಗೆ ಹೊಸದನ್ನು ಎಳೆದಳು. ಕತ್ತರಿ ಎತ್ತಿಕೊಂಡವಳು, ಯಾಕೋ ಅದನ್ನು ಕೆಳಗಿಟ್ಟಳು.

"ಎಷ್ಟು ಕೆಳಗೆ, ಸರಿಯಾಗಿ ನೋಡಿ ಹೇಳು ಮಗಳೇ," ಎಂದು ತಾನಾಗಿಯೇ ಮತ್ತೆ ಗೋಡೆಗೆ ಮುಖ ಮಾಡಿ ನಿಂತಳು.